ಬೂಷ್ಟು ಹಿಡಿದ ಮುಸುಕಿನ ಜೋಳ ಹಸುವಿಗೆ ಹಾಕಬಹುದಾ? ಹುಳು ಬಿದ್ದ ಅಕ್ಕಿ ತಿನ್ನಬಹುದಾ?

ನೀವು ಕೇಳಿರುವುದು ಇಷ್ಟು: ಸಕಲೇಶಪುರದ ಹತ್ತಿರದ ಮನೆಯಲ್ಲಿ ಮಳೆಗಾಲ ಮುಗಿದ ಮೇಲೆ ಅಟ್ಟದ ಚೀಲಗಳನ್ನು ಬಿಚ್ಚಿದಿರಿ. ಅಕ್ಕಿಯಲ್ಲಿ ಮೂತಿ ಹುಳು, ಅವರೆಕಾಳಿನಲ್ಲಿ ತೂತು, ಜೋಳದಲ್ಲಿ ಹಸಿರು ಬೂಷ್ಟು. ತೊಳೆದು ಬಿಸಿಲಿಗೆ ಹರವಿದರೆ ಮೂರೂ ಸರಿಹೋಗುತ್ತವಾ, ಸರಿಹೋಗದಿದ್ದರೆ ಜೋಳವನ್ನಾದರೂ ಬೇಯಿಸಿ ಹಸುವಿಗೆ ಹಾಕಬಹುದಾ?

ಹಸುವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಹಾಕಬೇಡಿ. ಬೇಯಿಸಿಯೂ ಬೇಡ, ತೊಳೆದೂ ಬೇಡ, ಹಿಂಡಿ ಜೊತೆ ಕಲಸಿಯೂ ಬೇಡ. ಕೋಳಿಗೂ ನಾಯಿಗೂ ಬೇಡ. ನಾನು ಆಲೂರು ತಾಲೂಕಿನವನು, ಜೋಳ ಬೆಳೆಯುತ್ತೇವೆ, ಡೈರಿಗೆ ಹಾಲು ಹಾಕುತ್ತೇವೆ. ಮನುಷ್ಯರು ತಿನ್ನಲಾಗದ್ದೆಲ್ಲ ಕೊಟ್ಟಿಗೆಗೆ ಎನ್ನುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಮುಸುರೆ, ತೌಡು, ತರಕಾರಿ ಸಿಪ್ಪೆಗೆ ಅದು ಸರಿ. ಬೂಷ್ಟಿಗೆ ಮಾತ್ರ ಆ ರೂಢಿ ನಡೆಯುವುದಿಲ್ಲ.

ಜೋಳ, ಕಡಲೆಕಾಯಿ, ಕೊಬ್ಬರಿಯ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿಯಂತೆ ಕೂರುವ ಬೂಷ್ಟು ಬಹಳ ಸಲ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಆ ವಿಷ ಮೊದಲು ಹೊಡೆಯುವುದು ಲಿವರನ್ನು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿ ಇದೂ ಇದೆ. ಬೂಷ್ಟನ್ನು ಒರೆಸಬಹುದು, ಬಿಸಿಲಿಗೆ ಅದು ಸಾಯಲೂಬಹುದು, ಆದರೆ ಅದು ಕಾಳಿನೊಳಗೆ ಬಿಟ್ಟುಹೋದ ವಿಷ ಅಲ್ಲೇ ಉಳಿಯುತ್ತದೆ. 200 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅದು ಸುಲಭಕ್ಕೆ ಒಡೆಯುವುದಿಲ್ಲ. ನೀರು ಕುದಿಯುವುದೇ 100 ಡಿಗ್ರಿಗೆ, ಹಾಗಾಗಿ ಬೇಯಿಸುವುದರಿಂದ ಏನೂ ಆಗದು.

ಹಸು ಅದನ್ನು ತಿಂದರೆ ಒಂದು ಪಾಲು ರೂಪ ಬದಲಿಸಿಕೊಂಡು ಒಂದು ದಿನದೊಳಗೇ ಹಾಲಿಗೆ ಬರುತ್ತದೆ. ಆ ರೂಪಕ್ಕೆ ಅಫ್ಲಾಟಾಕ್ಸಿನ್ ಎಂ1 ಅಂತ ಹೆಸರು. ಹಾಲು ಕಾಯಿಸಿದರೂ ಹೋಗುವುದಿಲ್ಲ, ಹೆಪ್ಪು ಹಾಕಿದರೂ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಒಂದು ಕಿಲೋ ಧಾನ್ಯಕ್ಕೆ ಅಫ್ಲಾಟಾಕ್ಸಿನ್ ಮಿತಿ 15 ಮೈಕ್ರೋಗ್ರಾಂ, ಹಾಲಿಗೆ ಕಿಲೋಗೆ 0.5 ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಗ್ರಾಂ; ಹಾಲಿಗೆ ಅದರಲ್ಲೂ ಅರ್ಧ. ಮಕ್ಕಳು ಕುಡಿಯುವ ಪದಾರ್ಥ ಎಂದೇ ಅಷ್ಟು ಬಿಗಿ. ಈಗಾಗಲೇ ಹಾಕಿದ್ದರೆ ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲಿನಲ್ಲಿ ಅದರ ಅಂಶ ಇಳಿದುಹೋಗುತ್ತದೆ.

ಈ ವಿಷ ಪತ್ತೆಯಾಗಿದ್ದೇ ಪ್ರಾಣಿಗಳ ಮೇವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು; ಹುಡುಕಿದಾಗ ಮೇವಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಇದು ಸಿಕ್ಕಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಮುಸುಕಿನ ಜೋಳ ತಿಂದವರಿಗೆ ಕಾಮಾಲೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು. ಅವರಿಗೆ ಬೇರೆ ಊಟ ಇರಲಿಲ್ಲ, ಅದಕ್ಕೇ ತಿಂದರು. ನನಗೆ ಈ ಸಂಗತಿ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲೂ ಅಕಾಲ ಮಳೆಗೆ ಸಿಕ್ಕ ಜೋಳ ತಿಂದು ಹೊಟ್ಟೆನೋವು, ಭೇದಿ ಹಬ್ಬಿತ್ತು. ಅದು ಫ್ಯೂಸೇರಿಯಂ ಎಂಬ ಇನ್ನೊಂದು ಶಿಲೀಂಧ್ರದ ವಿಷ. ಅದರ ಬೂಷ್ಟು ಬಿಳಿ ಇಲ್ಲವೇ ನಸುಗೆಂಪು. ಆದ್ದರಿಂದ ಹಸಿರಾದರೆ ಕೆಟ್ಟದ್ದು, ಬಿಳಿಯಾದರೆ ಪರವಾಗಿಲ್ಲ ಎನ್ನುವ ಲೆಕ್ಕ ಬೇಡ.

ನಮ್ಮ ಜಿಲ್ಲೆಯಲ್ಲಿ ಜೋಳ ಮುರಿಯುವ ಹೊತ್ತಿಗೇ ಹಿಂಗಾರು, ಚಂಡಮಾರುತದ ಮಳೆ ಹಿಡಿಯುತ್ತದೆ. ಟಾರು ರಸ್ತೆಯ ಮೇಲೆ ಹರವಿದ್ದನ್ನು ಮೋಡ ನೋಡಿ ಬಾಚಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಮೇಲ್ಸಿಪ್ಪೆ ಒಣಗಿ ಗಲಗಲ ಅನ್ನುತ್ತಿರುತ್ತದೆ, ಒಳಗಿನ ಮೊಳಕೆ ಭಾಗದಲ್ಲಿ ಪಸೆ ಹಾಗೇ ಇರುತ್ತದೆ. ಬಿಸಿಬಿಸಿಯಾಗಿಯೇ ಚೀಲಕ್ಕೆ ತುಂಬಿದರೆ ರಾತ್ರಿಯೆಲ್ಲ ಒಳಗೆ ಬೆವರುತ್ತದೆ. ಚೀಲ ಬಿಚ್ಚಿ ಮೊಣಕೈ ತನಕ ಕೈ ಇಳಿಸಿ ನೋಡಿ: ನಡುವೆ ಬೆಚ್ಚಗಿದ್ದರೆ, ಕಾಳು ಉಂಡೆಯಾಗಿ ಅಂಟಿದ್ದರೆ, ಮುಗ್ಗಲು ವಾಸನೆ ಬಂದರೆ ಕೆಲಸ ಕೆಟ್ಟಿದೆ. ಇನ್ನೂ ಅನುಮಾನವಿದ್ದರೆ ಒಂದು ಕಾಳು ತೆಗೆದುಕೊಂಡು ಮೊನೆಯ ಕಡೆ, ಮೊಳಕೆ ಇರುವ ಕಡೆ, ಉಗುರಿನಿಂದ ಸಿಪ್ಪೆ ಎಬ್ಬಿಸಿ. ಹೊರಗೆ ಚೆನ್ನಾಗಿ ಹಳದಿಯಾಗಿರುವ ಕಾಳಿನಲ್ಲೂ ಸಿಪ್ಪೆಯಡಿ ಹಸಿರು ಪುಡಿ ಇರುತ್ತದೆ. ಹಾಗೆ ಸಿಕ್ಕಿದರೆ ಆ ಚೀಲವನ್ನು ಆರಿಸುತ್ತಾ ಕೂರಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೊಬ್ಬರದ ಗುಂಡಿಗೆ ಆಳವಾಗಿ ಹಾಕಿ, ಮೇಲೆ ಸಗಣಿ, ಮಣ್ಣು ಮುಚ್ಚಿ, ಕೋಳಿ ಕೆದಕದ ಹಾಗೆ.

ಅಕ್ಕಿಯದು ಅಷ್ಟು ಗಾಬರಿಯ ವಿಷಯವಲ್ಲ. ಮುಗ್ಗಲು ವಾಸನೆ ಇಲ್ಲ, ಬರೀ ಹುಳು ಅಂದರೆ ತಿನ್ನಬಹುದು. ಮೊರದಲ್ಲಿ ಕೇರಿ, ಜರಡಿ ಹಿಡಿದು, ನೆರಳಲ್ಲಿ ಗಾಳಿಗೆ ಹರವಿ. ಕಡುಬಿಸಿಲಿಗೆ ಹಾಕಿದರೆ ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ. ಒಂದು ಸಲ ಹಸನು ಮಾಡಿ ಬಿಡುವಂತಿಲ್ಲ. ಹೆಣ್ಣು ಹುಳು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಅಂಟಿನಿಂದ ಮುಚ್ಚಿರುತ್ತದೆ. ಒಳಗಿನ ಮರಿ ಜರಡಿಗೆ ಸಿಗುವುದಿಲ್ಲ, ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಆಗ ಇನ್ನೊಮ್ಮೆ ಕೇರಬೇಕು. ಸ್ವಲ್ಪವೇ ಇದ್ದರೆ ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸಮೇತ ಸಾಯುತ್ತದೆ. ಬೋರಿಕ್ ಪೌಡರ್ ಬೆರೆಸುವುದು ನಮ್ಮ ಕಡೆ ಬಹಳ ಜನ ಮಾಡುತ್ತಾರೆ, ಅದು ತಿನ್ನುವ ಪದಾರ್ಥವಲ್ಲ, ಬಿಡಿ. ಹಾಗಂತ ಹುಳುವನ್ನು ಅಸಡ್ಡೆ ಮಾಡಬೇಡಿ. ಹುಳುಗಳ ಉಸಿರಿನಿಂದ ಚೀಲದ ನಡುವೆ ಶಾಖವೂ ಪಸೆಯೂ ಏರುತ್ತವೆ, ಬೂಷ್ಟಿಗೆ ಬೇಕಾದ್ದೂ ಅವೇ ಎರಡು. ಇವತ್ತು ಹುಳು ಇರುವ ಚೀಲದಲ್ಲಿ ಮುಂದಿನ ಮಳೆಗೆ ಬೂಷ್ಟು ಏಳುತ್ತದೆ.

ಅವರೆಯ ಹುಳು ನಿಮ್ಮ ಡಬ್ಬಿಯಿಂದ ಬಂದದ್ದಲ್ಲದಿರಬಹುದು. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಕಾಳಿನ ಜೊತೆ ಮನೆಗೆ ಬರುತ್ತದೆ. ಸಿಪ್ಪೆಗೆ ಬಿಳಿ ಚುಕ್ಕೆ ಅಂಟಿದ್ದರೆ ಅದೇ ಮೊಟ್ಟೆ. ಕೊಯ್ದ ಹೊಸದರಲ್ಲೇ ಚೆನ್ನಾಗಿ ಒಣಗಿಸಿ, ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿದರೆ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಬಿತ್ತನೆಗೆ ಇಡುವುದಾದರೆ ಕೆಮ್ಮಣ್ಣು ಕಟ್ಟಿ ಒಣಗಿಸಿ. ತೂತು ಬಿದ್ದದ್ದಕ್ಕೆ ಬೂಷ್ಟಿಲ್ಲದಿದ್ದರೆ ಬೇಯಿಸಿ ಕೋಳಿಗೆ ಹಾಕಬಹುದು.

ಮುಂದಿನ ವರ್ಷಕ್ಕೆ ಏನು ಮಾಡಬೇಕು ಅಂದರೆ, ತುಂಬುವ ಮುಂಚೆ ತೇವ ನೋಡಿ. ಭತ್ತಕ್ಕೆ ಶೇ 14, ಜೋಳಕ್ಕೆ ಶೇ 12, ಕಾಳುಗಳಿಗೆ ಶೇ 9–10ಕ್ಕಿಂತ ಹೆಚ್ಚಿರಬಾರದು. ಮೀಟರ್ ಬೇಕಿಲ್ಲ. ಒಣಗಿದ ಗಾಜಿನ ಸೀಸೆಗೆ ಬಾಣಲೆಯಲ್ಲಿ ಬಿಸಿಮಾಡಿ ಆರಿಸಿದ ಪುಡಿ ಉಪ್ಪು ಹಾಕಿ, ಮೇಲೆ ಒಂದು ಹಿಡಿ ಕಾಳು ಹಾಕಿ, ಮುಚ್ಚಳ ಬಿಗಿದು ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ ಶೇ 15ರ ಮೇಲಿದೆ ಅಂತ ಲೆಕ್ಕ. ಮೆತ್ತದಿದ್ದರೂ ಜೋಳ, ಕಾಳುಗಳಿಗೆ ಇನ್ನೊಂದೆರಡು ಬಿಸಿಲು ಬೇಕು. ಒಣಗಿದ ಮೇಲೆ ಪೂರ್ತಿ ತಣ್ಣಗಾಗಲು ಬಿಟ್ಟು ತುಂಬಿ. ಗೋಡೆಗೆ ತಾಗಿಸಬೇಡಿ, ಅಡಿಗೆ ಹಲಗೆ ಕೊಡಿ. ಹಳೇ ಗೊಬ್ಬರದ ಚೀಲ ಬೇಡವೇ ಬೇಡ.

ಚನ್ನರಾಯಪಟ್ಟಣ, ಅರಸೀಕೆರೆಯಂಥ ಒಣ ಸೀಮೆಯಲ್ಲಿ ಹಿಂದೆ ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಬಾಯಿ ಮುಚ್ಚಿದ ಗುಂಡಿಯೊಳಗೆ ಕಾಳಿನ ಉಸಿರಿಗೇ ಆಮ್ಲಜನಕ ತೀರಿ ಹುಳು ಉಳಿಯುತ್ತಿರಲಿಲ್ಲ. ತೆಗೆದ ಕೂಡಲೇ ಮನುಷ್ಯ ಇಳಿದರೂ ಸಾಯುತ್ತಿದ್ದ, ಅದಕ್ಕೇ ಗಾಳಿಯಾಡಲು ಬಿಟ್ಟು ದೀಪ ಇಳಿಸಿ ನೋಡುತ್ತಿದ್ದರು. ನಮ್ಮ ಮಲೆನಾಡಿನ ಒದ್ದೆ ನೆಲಕ್ಕೆ ಹಗೇವು ಆಗಿಬರುವುದಿಲ್ಲ. ಅದೇ ಕೆಲಸವನ್ನು ಈಗ ಒಳಗೆ ಎರಡು ಪದರ ದಪ್ಪ ಪ್ಲಾಸ್ಟಿಕ್ ಇರುವ ಗಾಳಿಯಾಡದ ಚೀಲ ಮಾಡುತ್ತದೆ. ಹಸಿ ಕಾಳು ತುಂಬಿದರೆ ಅದರಲ್ಲೂ ಕೊಳೆಯುತ್ತದೆ, ಅದು ನೆನಪಿರಲಿ.

ಯಾರಾದರೂ ‘ಗುಳಿಗೆ ಇಡಿ, ಒಂದೇ ದಿನಕ್ಕೆ ಹುಳು ಖಾಲಿ’ ಅಂದರೆ ಕೇಳಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಉಗ್ರಾಣಗಳಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದ್ದು. ಅಟ್ಟದ ಕೆಳಗೆ ಮಕ್ಕಳು ಮಲಗುವ ಮನೆಯಲ್ಲಿ ಅದರ ಮಾತೇ ಎತ್ತಬಾರದು. ಬೇರೆ ಚೀಲಗಳ ಬಗ್ಗೆ ಅನುಮಾನ ಇದ್ದರೆ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಹಿಡಿ ಕಾಳು ತೆಗೆದುಕೊಂಡು ಹೋಗಿ ತೋರಿಸಿ. ಹಸುವಿಗೆ ಎಷ್ಟು ದಿನದಿಂದ ಆ ಜೋಳ ಹೋಗಿದೆ, ಮೇವು ಬಿಟ್ಟಿದೆಯಾ, ಹಾಲು ಇಳಿದಿದೆಯಾ ಅಂತ ಕೆಳಗೆ ಬರೆಯಿರಿ. ಮೇವು ಬಿಟ್ಟಿದ್ದರೂ ಸರಿ, ಹಾಲು ಇಳಿದಿದ್ದರೂ ಸರಿ, ನನ್ನ ಉತ್ತರಕ್ಕೆ ಕಾಯದೆ ಪಶುವೈದ್ಯರನ್ನು ಕರೆಸಿ.