ಕೆಲಸ ಚೆನ್ನಾಗಿ ಮಾಡಿದರೆ ಸಾಲದೇ? ನಡವಳಿಕೆಯನ್ನೇಕೆ ಲೆಕ್ಕಕ್ಕೆ ಹಿಡಿಯುತ್ತಾರೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೆಲಸದಲ್ಲಿ ನಿಮ್ಮ ಮೇಲೆ ಒಂದು ದೂರೂ ಇಲ್ಲ, ಆದರೂ ತಂಡದ ಹೊಣೆ ನಿಮಗಿಂತ ಕಿರಿಯ ಸಹೋದ್ಯೋಗಿಯ ಪಾಲಾಯಿತು. ಕಾರಣ ಕೇಳಿದಾಗ ಮೇಲಧಿಕಾರಿ, 'ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ, ಆದರೆ ನಿಮ್ಮ ಜೊತೆ ಕೆಲಸ ಮಾಡಲು ಜನ ಹಿಂಜರಿಯುತ್ತಾರೆ' ಎಂದರು. ಸಂಬಳ ಕೊಡುವುದು ಕೆಲಸಕ್ಕೋ ಸ್ವಭಾವಕ್ಕೋ ಎಂದು ನೀವು ಕೇಳಿದ್ದೀರಿ.

ನೇಮಕಾತಿ ಮತ್ತು ಬಡ್ತಿಯ ಸಮಿತಿಗಳಲ್ಲಿ ನಾನು ಬಹುಕಾಲ ಕುಳಿತಿದ್ದೇನೆ. ಅಲ್ಲಿ ಕಂಡದ್ದನ್ನು ನೇರವಾಗಿಯೇ ಹೇಳುತ್ತೇನೆ. ನಿಮ್ಮ ಕೆಲಸದ ಗುಣಮಟ್ಟವನ್ನು ನಿಜವಾಗಿ ಅಳೆಯಬಲ್ಲವರು ಬೆರಳೆಣಿಕೆಯಷ್ಟು ಜನ. ನಿಮ್ಮ ಹೆಸರನ್ನು ಕಟ್ಟುವವರು ಅಥವಾ ಕೆಡಿಸುವವರು ಉಳಿದವರು. ಲೆಕ್ಕಪತ್ರ ವಿಭಾಗದವರಿಗೆ ನಿಮ್ಮ ವಿನ್ಯಾಸ ಎಷ್ಟು ಚೊಕ್ಕವಾಗಿದೆ ಎಂಬುದು ಗೊತ್ತಾಗುವುದಿಲ್ಲ. ಬಿಲ್ಲಿಗೆ ಸಹಿ ಕೇಳಿದರೆ ನೀವು ಎಷ್ಟು ದಿನ ಸತಾಯಿಸುತ್ತೀರಿ ಎಂಬುದು ಗೊತ್ತಾಗುತ್ತದೆ. ರೋಗಿಗೆ ಶಸ್ತ್ರವೈದ್ಯರ ಕೈಚಳಕ ಕಾಣದು, ಮಾತಿನ ಧಾಟಿ ಕಾಣುತ್ತದೆ. ಕಕ್ಷಿದಾರನಿಗೆ ವಕೀಲರ ಕಾನೂನು ಜ್ಞಾನ ಅರ್ಥವಾಗುವುದು ಕಷ್ಟ. ಹೇಳಿದ ಹೊತ್ತಿಗೆ ಸಿಗುತ್ತಾರೋ ಇಲ್ಲವೋ ಎಂಬುದು ಮೊದಲ ವಾರದಲ್ಲೇ ತಿಳಿದುಬಿಡುತ್ತದೆ. ಕಾಣದ್ದನ್ನು ಕಾಣುವುದರಿಂದ ಊಹಿಸುವುದು ಮನುಷ್ಯನ ಸಹಜ ರೀತಿ. ಹಾಗಾಗಿ ನಡವಳಿಕೆಯೇ ಕೆಲಸದ ಪರವಾಗಿ ಸಾಕ್ಷಿ ಹೇಳುತ್ತದೆ, ಅಥವಾ ಅದರ ವಿರುದ್ಧ.

ಈ ಊಹೆ ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಸಾಲೊಮನ್ ಆಷ್ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಒಬ್ಬ ವ್ಯಕ್ತಿಯ ಗುಣಗಳ ಪಟ್ಟಿಯನ್ನು ಎರಡು ಗುಂಪುಗಳಿಗೆ ಓದಿ ಹೇಳಿದರು. ಬುದ್ಧಿವಂತ, ನಿಪುಣ, ಶ್ರಮಜೀವಿ ಎಂಬ ಗುಣಗಳೆಲ್ಲ ಎರಡರಲ್ಲೂ ಒಂದೇ. ಒಂದು ಪಟ್ಟಿಯಲ್ಲಿ ಮಾತ್ರ 'ಆತ್ಮೀಯ' ಎಂದೂ ಇನ್ನೊಂದರಲ್ಲಿ ಅದೇ ಜಾಗದಲ್ಲಿ 'ನಿರ್ಭಾವುಕ' ಎಂದೂ ಇತ್ತು. ಆ ಒಂದೇ ಬದಲಾವಣೆಯಿಂದ ಕೇಳುಗರ ಮನಸ್ಸಿನಲ್ಲಿ ಬೇರೆಯೇ ಇಬ್ಬರು ಮನುಷ್ಯರು ಮೂಡಿದರು. ಬುದ್ಧಿಯೂ ನೈಪುಣ್ಯವೂ ಮಾಯವಾಗಲಿಲ್ಲ, ಆದರೆ ಅವುಗಳ ಬಣ್ಣ ಬದಲಾಯಿತು. ನಿಮ್ಮ ಮೇಲಧಿಕಾರಿಯ ಮಾತಿನಲ್ಲಿರುವ ಆ 'ಆದರೆ' ಇದೇ ಕೆಲಸ ಮಾಡಿದೆ.

ಇದು ನ್ಯಾಯವೇ ಎಂದು ಕೇಳುತ್ತೀರಿ. ಪೂರ್ತಿ ನ್ಯಾಯವಲ್ಲ, ಅದನ್ನು ಒಪ್ಪುತ್ತೇನೆ. 1920ರಷ್ಟು ಹಿಂದೆಯೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದರು. ಮೈಕಟ್ಟಿಗೆ ಹೆಚ್ಚು ಅಂಕ ಪಡೆದವನಿಗೆ ಬುದ್ಧಿಗೂ ನಾಯಕತ್ವಕ್ಕೂ ಶೀಲಕ್ಕೂ ಹೆಚ್ಚೇ ಸಿಕ್ಕಿತ್ತು. ಒಂದು ಗುಣದ ಪ್ರಭೆ ಉಳಿದವುಗಳ ಮೇಲೂ ಬಿದ್ದಿತ್ತು. ಹೀಗೆ ಚೆಲುವಾಗಿ ಮಾತನಾಡುವ ಕೆಲಸಗಳ್ಳ ಮೇಲೇರುವುದನ್ನೂ, ಸಂಕೋಚದ ಮನುಷ್ಯನನ್ನು ಜನ ಗರ್ವಿಷ್ಠನೆಂದು ತಿಳಿಯುವುದನ್ನೂ ನಾನು ಕಂಡಿದ್ದೇನೆ, ಅದರ ವಿರುದ್ಧ ಸಮಿತಿಯಲ್ಲಿ ವಾದಿಸಿದ್ದೇನೆ. ಆದರೆ ಊಹೆ ಕೆಲವೊಮ್ಮೆ ತಪ್ಪುತ್ತದೆ ಎಂದ ಮಾತ್ರಕ್ಕೆ ನಡವಳಿಕೆಗೂ ವೃತ್ತಿಗೂ ಸಂಬಂಧವೇ ಇಲ್ಲ ಎನ್ನಲಾಗದು.

ಸಂಬಂಧ ಇದೆ ಎಂಬುದಕ್ಕೆ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ಪುರಾವೆ ವೈದ್ಯಕೀಯ ಕ್ಷೇತ್ರದ್ದು. ಮ್ಯಾಕ್ಸೀನ್ ಪಾಪಡಾಕಿಸ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಮೂರು ವೈದ್ಯಕೀಯ ಕಾಲೇಜುಗಳಲ್ಲಿ ಓದಿ, ಮುಂದೆ ವೃತ್ತಿಯಲ್ಲಿದ್ದಾಗ ವೈದ್ಯಕೀಯ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ವಿದ್ಯಾರ್ಥಿ ದೆಸೆಯ ಕಡತಗಳನ್ನು ತೆಗೆದು ನೋಡಿದರು. ಅದೇ ಕಾಲೇಜುಗಳಲ್ಲಿ ಅದೇ ಕಾಲದಲ್ಲಿ ಓದಿ ಯಾವ ಕ್ರಮಕ್ಕೂ ಒಳಗಾಗದ 469 ವೈದ್ಯರ ಕಡತಗಳ ಜೊತೆ ಹೋಲಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ ನಡವಳಿಕೆಯ ಬಗ್ಗೆ ಕೆಟ್ಟ ಟಿಪ್ಪಣಿ ಪಡೆದಿದ್ದವರಲ್ಲಿ ಮುಂದೆ ದಂಡನೆಗೆ ಗುರಿಯಾಗುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಕಡಿಮೆ ಅಂಕಗಳಿಗೂ ಸಂಬಂಧವಿತ್ತು, ಆದರೆ ಇಷ್ಟು ಬಲವಾದದ್ದಲ್ಲ. ಎಲ್ಲಕ್ಕಿಂತ ಬಲವಾದ ಸೂಚನೆ ಬೇಜವಾಬ್ದಾರಿ: ಕರ್ತವ್ಯಕ್ಕೆ ಸರಿಯಾಗಿ ಹಾಜರಾಗದಿರುವುದು, ಒಪ್ಪಿಸಿದ ರೋಗಿಯ ಕೆಲಸವನ್ನು ಬೆನ್ನುಹತ್ತಿ ಮುಗಿಸದಿರುವುದು, ಇಂಥವು. ಕಡತದಲ್ಲಿ ಟಿಪ್ಪಣಿ ಇದ್ದವರೆಲ್ಲ ಕೆಟ್ಟರು ಎಂದು ಇದರ ಅರ್ಥವಲ್ಲ. ದಂಡನೆಗೆ ಒಳಗಾದವರಲ್ಲೂ ಬಹುಪಾಲು ಜನರಿಗೆ ಅಂಥ ಟಿಪ್ಪಣಿ ಇರಲಿಲ್ಲ. ಆದರೂ 'ಇದೇನು ಮಹಾ, ಹತ್ತು ನಿಮಿಷ ತಡ' ಎನ್ನುವ ಹಗುರವಾದ ಮಾತು ನನ್ನ ಬಾಯಿಂದ ಆ ಮೇಲೆ ಬರುವುದಿಲ್ಲ.

ನಿತ್ಯದ ನಡತೆಯಲ್ಲಿ ಯಾವುದು ಎಲ್ಲಕ್ಕಿಂತ ಹೆಚ್ಚು ತೂಗುತ್ತದೆ ಎಂದು ಕೇಳಿದರೆ, ಕೊಟ್ಟ ಮಾತು ಎನ್ನುತ್ತೇನೆ. ದೊಡ್ಡ ಭರವಸೆಗಳ ಮಾತಲ್ಲ ಇದು. 'ಸಂಜೆಯೊಳಗೆ ಕಳುಹಿಸುತ್ತೇನೆ' ಎಂದವರು ಸಂಜೆ ಕಳುಹಿಸಿದರೋ, ಆಗದಿದ್ದರೆ ಆಗದು ಎಂದು ಮಧ್ಯಾಹ್ನವೇ ತಿಳಿಸಿದರೋ, ಅಥವಾ ಮೂರು ದಿನ ಬಿಟ್ಟು ಇನ್ನೊಬ್ಬರೇ ನೆನಪಿಸಬೇಕಾಯಿತೋ ಎಂಬುದು. ಮರೆತವರು ಅದನ್ನು ಸಣ್ಣ ಸಂಗತಿ ಎಂದುಕೊಳ್ಳುತ್ತಾರೆ. ಕಾದು ಕುಳಿತವರಿಗೆ ಅದು ಸಣ್ಣದಲ್ಲ. ಅವರ ಸಂಜೆಯೇ ಹಾಳಾಗಿರುತ್ತದೆ. ಸಮಿತಿಯ ಕೋಣೆಯಲ್ಲಿ ಯಾರದಾದರೂ ಹೆಸರು ಬಂದಾಗ ನಾನು ಹೆಚ್ಚು ಬಾರಿ ಕೇಳಿರುವ ಹೊಗಳಿಕೆ 'ಪ್ರತಿಭಾವಂತರು' ಎಂಬುದಲ್ಲ, 'ಅವರಿಗೆ ಒಪ್ಪಿಸಿದರೆ ಮತ್ತೆ ಕೇಳಬೇಕಾಗಿಲ್ಲ' ಎಂಬುದು. ಹೊಣೆ ಕೊಡುವವರು ಹುಡುಕುವುದು ಆ ನಿಶ್ಚಿಂತೆಯನ್ನೇ. ನಿಮ್ಮ ಕಿರಿಯ ಸಹೋದ್ಯೋಗಿಯಲ್ಲಿ ಅದು ಕಂಡಿರಬಹುದೇ? ಸಿಟ್ಟು ಇಳಿದ ಮೇಲೆ ಒಮ್ಮೆ ಯೋಚಿಸಿ.

ಎರಡನೆಯದು, ಎದುರಿಗಿಲ್ಲದವರ ಬಗ್ಗೆ ನಾವು ಆಡುವ ಮಾತು. ಇದರ ಪರಿಣಾಮ ವಿಚಿತ್ರವಾದದ್ದು. ಜಾನ್ ಸ್ಕೊರೊನ್ಸ್ಕಿ, ಡೊನಾಲ್ ಕಾರ್ಲ್‌ಸ್ಟನ್ ಮತ್ತು ಸಹಸಂಶೋಧಕರು 1998ರಲ್ಲಿ ತೋರಿಸಿದ ಪ್ರಕಾರ, ಒಬ್ಬರು ಇನ್ನೊಬ್ಬರ ಕ್ರೌರ್ಯವನ್ನು ವರ್ಣಿಸಿದರೆ ಕೇಳುಗರ ಮನಸ್ಸಿನಲ್ಲಿ ಆ ಕ್ರೌರ್ಯ ವರ್ಣಿಸಿದವರಿಗೇ ಅಂಟಿಕೊಳ್ಳುತ್ತದೆ. ಮಾತು ಇನ್ನೊಬ್ಬರ ಬಗ್ಗೆ ಎಂದು ಗೊತ್ತಿದ್ದರೂ ಹೀಗಾಗುತ್ತದೆ. ಊಟದ ಬಿಡುವಿನಲ್ಲಿ ಹಳೆಯ ಮೇಲಧಿಕಾರಿಯನ್ನು 'ಮೋಸಗಾರ' ಎಂದು ದಿನಾ ಬಯ್ಯುವವರ ಮುಖದ ಜೊತೆಗೇ ಮೋಸ ಎಂಬ ಪದ ಕೇಳುವವರ ತಲೆಯಲ್ಲಿ ಉಳಿಯುತ್ತದೆ. ಅದಲ್ಲದೆ ಸಾಮಾನ್ಯ ಬುದ್ಧಿಯ ಲೆಕ್ಕವೂ ಒಂದಿದೆ: ಇವರು ಅವರನ್ನು ಹೀಗೆ ಆಡಿಕೊಳ್ಳುತ್ತಿದ್ದಾರೆ, ನಾನು ಎದ್ದುಹೋದ ಮೇಲೆ ನನ್ನನ್ನೂ ಬಿಡುವುದಿಲ್ಲ ಎಂದು ಕೂತವರೆಲ್ಲ ಒಳಗೇ ಲೆಕ್ಕ ಹಾಕುತ್ತಾರೆ. ನಗುತ್ತಾ ಕೇಳುವವರು ನಿಮ್ಮನ್ನು ನಂಬಿದ್ದಾರೆ ಎಂದುಕೊಳ್ಳಬೇಡಿ. ಅನ್ಯಾಯವಾದರೆ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ಸರಿಪಡಿಸುವ ಅಧಿಕಾರ ಇರುವವರ ಮುಂದೆ, ನಡೆದದ್ದನ್ನು ನಡೆದ ಹಾಗೆ ಹೇಳುವುದು ಚಾಡಿಯಲ್ಲ.

ಮೂರನೆಯದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರಿಗೂ ಗೊತ್ತಿದೆ, ಪಾಲಿಸುವವರು ಕಡಿಮೆ. ನಿಮಗೆ ಯಾವ ಲಾಭವನ್ನೂ ಮಾಡಿಕೊಡಲಾರದವರ ಜೊತೆ ನೀವು ಹೇಗಿರುತ್ತೀರಿ ಎಂಬುದು. ಸಂದರ್ಶನಕ್ಕೆ ಬಂದವರು ಸ್ವಾಗತದ ಮೇಜಿನಲ್ಲಿ ಹೇಗೆ ಮಾತನಾಡಿದರು ಎಂದು ನಾನು ಯಾವಾಗಲೂ ವಿಚಾರಿಸುತ್ತೇನೆ. ಒಳಗೆ ನಮ್ಮೆದುರು ವಿನಯವಾಗಿರಲು ಎಲ್ಲರಿಗೂ ಕಾರಣವಿದೆ. ಹೊರಗೆ ಆ ಕಾರಣವಿಲ್ಲ, ಆದ್ದರಿಂದ ಅಲ್ಲಿ ಕಂಡ ವಿನಯಕ್ಕೆ ಬೆಲೆ ಹೆಚ್ಚು.

ಕಚೇರಿಯ ಹೊರಗಿನ ಬದುಕೂ ಲೆಕ್ಕಕ್ಕೆ ಬರಬೇಕೇ ಎಂಬುದು ನಿಮ್ಮ ಪ್ರಶ್ನೆಯ ಕೊನೆಯ ಭಾಗ. ಇಲ್ಲಿ ನನ್ನ ಅಭಿಪ್ರಾಯ ಖಚಿತ. ಇನ್ನೊಬ್ಬರಿಗೆ ಹಾನಿ ಮಾಡುವ, ನಿಯಮ ಮುರಿಯುವ ನಡತೆ ಹೊರಗಿನದಾದರೂ ಲೆಕ್ಕಕ್ಕೆ ಬರುತ್ತದೆ. 2015ರಲ್ಲಿ ರಾಬರ್ಟ್ ಡೇವಿಡ್ಸನ್ ಮತ್ತು ಸಂಗಡಿಗರು ಕಂಪನಿಗಳ ಉನ್ನತಾಧಿಕಾರಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ವೈಯಕ್ತಿಕ ಬದುಕಿನಲ್ಲಿ ಕಾನೂನು ಉಲ್ಲಂಘನೆಯ ದಾಖಲೆ ಇದ್ದವರು ಲೆಕ್ಕಪತ್ರದ ವಂಚನೆಯಲ್ಲಿ ತೊಡಗುವ ಸಂಭವ ಹೆಚ್ಚಿತ್ತು. ಐಷಾರಾಮಿ ವಸ್ತುಗಳನ್ನು ಕೊಳ್ಳುವುದಕ್ಕೂ ತಾವೇ ವಂಚನೆ ಮಾಡುವುದಕ್ಕೂ ಅಂಥ ನೇರ ಸಂಬಂಧ ಸಿಗಲಿಲ್ಲ. ಈ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ನೀವು ಏನು ಉಡುತ್ತೀರಿ, ಯಾರನ್ನು ಮದುವೆಯಾಗಿದ್ದೀರಿ ಅಥವಾ ಆಗಿಲ್ಲ, ದೇವರನ್ನು ನಂಬುತ್ತೀರೋ ಇಲ್ಲವೋ, ರಜೆಯನ್ನು ಹೇಗೆ ಕಳೆಯುತ್ತೀರಿ ಎಂಬುದನ್ನೆಲ್ಲ 'ನಡವಳಿಕೆ' ಎಂಬ ಚೀಲಕ್ಕೆ ತುಂಬಿ ಬಡ್ತಿ ತಪ್ಪಿಸುವವರು ಇದ್ದಾರೆ. ಅದು ಪೂರ್ವಗ್ರಹ. ಅದಕ್ಕೆ ತಲೆಬಾಗಿ ನಿಮ್ಮನ್ನು ತಿದ್ದಿಕೊಳ್ಳಬೇಕಾದ ಅಗತ್ಯವಿಲ್ಲ.

ಹಾಗಾದರೆ ಈಗ ಏನು ಮಾಡುವುದು? ಮೇಲಧಿಕಾರಿಯ ಬಳಿ ಮತ್ತೆ ಹೋಗಿ, ಆದರೆ ವಾದಕ್ಕಲ್ಲ. 'ಜನ ಹಿಂಜರಿಯುತ್ತಾರೆ ಎಂದಿರಿ, ಯಾವ ಸಂದರ್ಭಗಳಲ್ಲಿ? ಒಂದೆರಡು ಉದಾಹರಣೆ ಕೊಟ್ಟರೆ ನನಗೆ ಅನುಕೂಲ' ಎಂದು ಕೇಳಿ. ಹೆಸರು ಕೇಳಬೇಡಿ; ಹೆಸರು ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಸ್ಥಳದಲ್ಲೇ ಸಮಜಾಯಿಷಿ ಕೊಡಬೇಡಿ. ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಸರಿಪಡಿಸಿ. ಒಂದೇ ವಾರದಲ್ಲಿ ಎಲ್ಲರೊಂದಿಗೂ ಸಿಹಿಯಾಗಿಬಿಟ್ಟರೆ ಅದನ್ನು ಬಡ್ತಿಯ ನಾಟಕವೆಂದೇ ಜನ ತಿಳಿಯುತ್ತಾರೆ. ಸಭೆಯಲ್ಲಿ ಇನ್ನೊಬ್ಬರ ಮಾತನ್ನು ಅರ್ಧಕ್ಕೆ ತುಂಡರಿಸುವುದೇ ದೂರಾಗಿದ್ದರೆ, ಅದೊಂದನ್ನು ನಿಲ್ಲಿಸಿ ಆರು ತಿಂಗಳು ಹಾಗೇ ಇರಿ. ಇಷ್ಟು ಕಾಲವೇಕೆ ಎಂದರೆ, ಕೆಟ್ಟ ಅನುಭವ ಒಳ್ಳೆಯದಕ್ಕಿಂತ ಗಾಢವಾಗಿ ನೆನಪಿನಲ್ಲಿ ನಿಲ್ಲುತ್ತದೆ. ಒಂದು ಒರಟು ಮಾತನ್ನು ಅಳಿಸಲು ಒಂದು ನಯವಾದ ಮಾತು ಸಾಲದು. ಮಧ್ಯೆ ಯಾರೂ ಗುರುತಿಸದ ತಿಂಗಳುಗಳು ಬರುತ್ತವೆ, ಆಗ ಬಿಟ್ಟುಬಿಡಬೇಡಿ.

ಒಂದು ವೇಳೆ ಮೇಲಧಿಕಾರಿಗೆ ಒಂದೇ ಒಂದು ಉದಾಹರಣೆಯನ್ನೂ ಕೊಡಲಾಗದಿದ್ದರೆ, 'ಸುಮ್ಮನೆ ಹಾಗನ್ನಿಸುತ್ತದೆ' ಎಂದು ಜಾರಿಕೊಂಡರೆ, ಆಗ ಸಮಸ್ಯೆ ನಿಮ್ಮ ನಡವಳಿಕೆಯದು ಎಂದು ಒಪ್ಪಬೇಡಿ. ಆಯ್ಕೆಯ ಮಾನದಂಡಗಳೇನು, ಅವುಗಳಲ್ಲಿ ನೀವು ಹಿಂದೆ ಬಿದ್ದದ್ದು ಎಲ್ಲಿ ಎಂದು ಸಿಬ್ಬಂದಿ ವಿಭಾಗವನ್ನು ಲಿಖಿತವಾಗಿ ಕೇಳಿ. ಹಾಗೆ ಕೇಳಿದ ಪತ್ರಗಳು ಸಮಿತಿಯ ಮುಂದೆ ಬಂದಾಗ ನಾವು ನಮ್ಮ ಅಂಕಪಟ್ಟಿಯನ್ನು ಮತ್ತೆ ತೆರೆದು ನೋಡಿದ್ದುಂಟು.