ಕರಿಬೇವಿನ ಗಿಡದ ಹುಳುವೂ ಚಿತ್ರದ ಪುಸ್ತಕವೂ

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ ನಾಲ್ಕು ವರ್ಷ. ಚಿತ್ರದ ಪುಸ್ತಕ ನೋಡಿ ಪೆಂಗ್ವಿನ್, ಜಿರಾಫೆ ಎಲ್ಲ ಗುರುತಿಸುತ್ತಾಳೆ. ಮನೆ ಮುಂದಿನ ಕರಿಬೇವಿನ ಗಿಡದಲ್ಲಿ ಹುಳು ಕಂಡರೆ ಮಾತ್ರ ಕಿರುಚುತ್ತಾಳೆ. ನಮ್ಮದು ರೇಷ್ಮೆ ಸಾಕುವ ಮನೆ. ಹಳ್ಳಿ ಮಗುವಿಗೆ ಪುಸ್ತಕ ಯಾಕೆ, ಹೊಲಕ್ಕೆ ಕರೆದುಕೊಂಡು ಹೋಗು ಅನ್ನುತ್ತಾರೆ ಮಾವ. ನೀವೇನು ಹೇಳುತ್ತೀರಿ?"

ಸಂಪಾದಕರ ಉತ್ತರ:

ನಿಮ್ಮ ಮಾವ ಹೇಳಿದ್ದು ಅರ್ಧ ಸರಿ. ಹೊಲಕ್ಕೆ ಕರೆದುಕೊಂಡು ಹೋಗಲೇಬೇಕು. ಆದರೆ ಹೊಲದಲ್ಲಿ ಹಕ್ಕಿ ಹಾರಿಹೋಗುತ್ತದೆ, ಓತಿಕ್ಯಾತ ಬೇಲಿಯೊಳಗೆ ನುಸುಳುತ್ತದೆ. ಪುಸ್ತಕದ ಹಕ್ಕಿ ಕೂತೇ ಇರುತ್ತದೆ. ಮಗು ಅದರ ಕೊಕ್ಕಿನ ಮೇಲೆ ಬೆರಳಿಡಬಹುದು, ಹತ್ತು ಸಲ ಅದೇ ಪುಟಕ್ಕೆ ವಾಪಸ್ ಬರಬಹುದು. ಆಮೇಲೆ ಅದೇ ಹಕ್ಕಿ ಬೇಲಿ ಮೇಲೆ ಕಂಡಾಗ "ಅಮ್ಮಾ, ನಮ್ಮ ಪುಸ್ತಕದ್ದು!" ಅಂತ ಕೂಗುತ್ತದಲ್ಲ, ಅದಕ್ಕೋಸ್ಕರ ಪುಸ್ತಕ ಬೇಕು. ಪೆಂಗ್ವಿನ್ ಬಂದು ನಿಮ್ಮ ಬೇಲಿ ಮೇಲೆ ಕೂರುವುದಿಲ್ಲ. ಹಾಗಾಗಿ ಮೊದಲ ಪುಸ್ತಕಗಳಲ್ಲಿ ಮನೆ ಸುತ್ತ ಇರುವ ಜೀವಗಳೇ ಇರಲಿ.

ಮಗಳು ಹೆದರಿದ ಹುಳುವಿನಿಂದಲೇ ಶುರು ಮಾಡಿ. ಮೈಸೂರಿನ ನಮ್ಮ ಮನೆಯ ಕರಿಬೇವಿನ ಕುಂಡಕ್ಕೂ ಕಳೆದ ಮಳೆಗಾಲ ಅದೇ ಬಂದಿತ್ತು. ಮೊದಲು ಹಕ್ಕಿ ಹಿಕ್ಕೆ ಅಂದುಕೊಂಡೆ. ಕಂದು ಬಣ್ಣ, ನಡುವೆ ಬಿಳಿ ಪಟ್ಟಿ. ತಿನ್ನಲು ಬರುವ ಹಕ್ಕಿಯೂ ಹಾಗೇ ಮೋಸ ಹೋಗುತ್ತದೆ. ಬೆಳೀತಾ ಬೆಳೀತಾ ಪೊರೆ ಬಿಟ್ಟು ಎಲೆಯ ಹಸಿರಿಗೇ ತಿರುಗಿತು. ಮೊಮ್ಮಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದ. ತಲೆಯ ಹಿಂದಿನಿಂದ ಕೆಂಪಗೆ, ಹಾವಿನ ನಾಲಿಗೆಯ ಹಾಗೆ ಕವಲಾದದ್ದೊಂದು ಹೊರಗೆ ಬಂತು. ಜೊತೆಗೇ ಘಾಟು ವಾಸನೆ. ಹುಡುಗ ಎರಡು ಹೆಜ್ಜೆ ಹಿಂದಕ್ಕೆ ಹಾರಿದ, ಆಮೇಲೆ ಮೂರು ಹೆಜ್ಜೆ ಮುಂದೆ ಬಂದ.

ಅವನ ಹತ್ತಿರ ಚಿಟ್ಟೆಯ ಪುಸ್ತಕವೊಂದಿತ್ತು. ಅದರಲ್ಲಿ ಚಿಟ್ಟೆ ನೂಲಿನ ಗೂಡು ತೂತು ಮಾಡಿಕೊಂಡು ಬರುತ್ತದೆ. ನಮ್ಮ ಹುಳು ಗೂಡು ಕಟ್ಟಲೇ ಇಲ್ಲ. ಕಡ್ಡಿಗೆ ಬಾಲ ಅಂಟಿಸಿತು, ಸೊಂಟಕ್ಕೆ ಒಂದೇ ಒಂದು ಎಳೆ ಸುತ್ತಿಕೊಂಡಿತು, ಮಾರನೇ ದಿನ ಪೊರೆ ಕಳಚಿ ಕೋಶವಾಯಿತು. "ತಾತ, ಪುಸ್ತಕದಲ್ಲಿ ತಪ್ಪು ಬರೆದಿದ್ದಾರೆ" ಅಂದ. ಐದು ವರ್ಷದ ಹುಡುಗ! ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಚಿಟ್ಟೆ ಹೊರಬಂತು. ಹಿಂಡಿದ ಬಟ್ಟೆಯ ಹಾಗೆ ಮುದುಡಿದ ರೆಕ್ಕೆ. ಅದು ಬಿಚ್ಚಿ ಒಣಗಿ ಹಾರುವ ತನಕ ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೂತಿದ್ದ.

ಗೂಡು ಕಟ್ಟುವುದು ನಿಮ್ಮ ಮನೆಯ ರೇಷ್ಮೆ ಹುಳು. ಅದರಿಂದ ಬರುವುದು ಪತಂಗ. ಇದು ನಿಮ್ಮ ಮಾವನಿಗೆ ಯಾವ ಪುಸ್ತಕಕ್ಕಿಂತಲೂ ಜಾಸ್ತಿ ಗೊತ್ತು. ನಾಲ್ಕು ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು), ಹಣ್ಣಾದ ಹುಳು (ಗೂಡು ಕಟ್ಟಲು ಸಿದ್ಧವಾದದ್ದು), ಚಂದ್ರಿಕೆ (ಗೂಡು ಕಟ್ಟಲು ಅದನ್ನು ಬಿಡುವ ತಟ್ಟೆ), ಈ ಮಾತುಗಳೆಲ್ಲ ಮಗು ಅವರ ಬಾಯಿಂದಲೇ ಕೇಳಲಿ. ಪುಸ್ತಕದ ಪುಟ ತಿರುಗಿಸುವ ಕೆಲಸವನ್ನೂ ಅವರಿಗೇ ಕೊಟ್ಟು ನೋಡಿ.

ಪುಸ್ತಕ ಆರಿಸುವಾಗ ಒಂದು ಮಾತು. ಪ್ರಾಣಿಗಳು ಅಂಗಿ ತೊಟ್ಟು ಮಾತಾಡುವ ಪುಸ್ತಕ ಕಥೆಗೆ ಚೆನ್ನ, ಇರಲಿ. ಪ್ರಾಣಿಯ ಬಗ್ಗೆ ತಿಳಿಯಬೇಕಾದರೆ ಅದು ತನ್ನ ಪಾಡಿಗೆ ತಿನ್ನುವ, ಗೂಡು ಕಟ್ಟುವ, ಮರಿ ಸಾಕುವ ಚಿತ್ರವಿರಬೇಕು. ಹೊರದೇಶದಿಂದ ಬಂದ ಪುಸ್ತಕಗಳಲ್ಲಿ ಎಲೆ ಉದುರಿದ ಮೇಲೆ ಹಿಮ ಬೀಳುತ್ತದೆ. ನಮ್ಮಲ್ಲಿ ಹೊಂಗೆ ಬೋಳಾದ ಸ್ವಲ್ಪ ದಿನಕ್ಕೇ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಚಿಗುರು ಬಂದಿರುತ್ತದೆ, ಯುಗಾದಿ ಬಂತು ಅಂತ ಗೊತ್ತಾಗುವುದೇ ಹಾಗೆ. ಆ ಪುಟ ಬಂದಾಗ ಮಗಳನ್ನು ಬಾಗಿಲಿಗೆ ಕರೆದು ಹೊಂಗೆ ಮರ ತೋರಿಸಿ. ದುಡ್ಡು ಕೊಟ್ಟೇ ಕೊಳ್ಳಬೇಕು ಅಂತೇನೂ ಇಲ್ಲ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ 2015ರಿಂದ ಚಿತ್ರದ ಪುಸ್ತಕಗಳು ಪುಕ್ಕಟೆಯಾಗಿ ಸಿಗುತ್ತಿವೆ, ಕನ್ನಡದಲ್ಲೂ ಇವೆ.

ಪುಸ್ತಕ ಕಲಿಸಲಾರದ್ದು ಗಾತ್ರ. ಅಲ್ಲಿ ಇರುವೆಗೂ ಒಂದು ಪುಟ, ಆನೆಗೂ ಒಂದು ಪುಟ. ಹಕ್ಕಿಗಳು ಮರಿ ಮಾಡಲು ಬರುವ ಕೊಕ್ಕರೆ ಬೆಳ್ಳೂರು ನಿಮ್ಮದೇ ತಾಲ್ಲೂಕು, ಅಲ್ವಾ? ಮೊದಲು ಮನೆಯಲ್ಲಿ ಹೆಜ್ಜಾರ್ಲೆಯ (ಪೆಲಿಕನ್) ಚಿತ್ರ ತೋರಿಸಿ, ಕೊಕ್ಕಿನ ಕೆಳಗಿನ ಚೀಲ ಮುಟ್ಟಿಸಿ. ಆಮೇಲೆ ಬೇಸಿಗೆ ಶುರುವಾಗುವ ಹೊತ್ತಿಗೆ ಕರೆದುಕೊಂಡು ಹೋಗಿ. ಹಟ್ಟಿ ಮಧ್ಯದ ಹುಣಸೆ ಮರದ ಮೇಲೆ ಅದು ಬಂದಿಳಿಯುವಾಗ ರೆಕ್ಕೆ ಎರಡು ಮೀಟರಿಗೂ ಜಾಸ್ತಿ ಅಗಲ. ಅಲ್ಲಿನ ಜನ ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಈ ಮಾತನ್ನು ಮಗಳಿಗೆ ತಪ್ಪದೆ ಹೇಳಿ.

ಹುಳು ಮುಟ್ಟು ಅಂತ ಒತ್ತಾಯ ಮಾಡಬೇಡಿ. ದೂರದಿಂದ ನೋಡಲಿ, ಸಾಕು. ಮೈತುಂಬ ಕೂದಲಿರುವ ಕಂಬಳಿಹುಳು ಬೇರೆ, ಅದು ತಾಗಿದರೆ ತುರಿಕೆ. ಕರಿಬೇವಿನದ್ದು ನುಣ್ಣಗಿರುತ್ತದೆ, ಏನೂ ಮಾಡುವುದಿಲ್ಲ. ನಾಲ್ಕು ಬಿಳಿ ಹಾಳೆ ಮಡಚಿ ನಡುವೆ ದಾರ ಹೊಲಿದು ಕೊಡಿ, ದಿನಾ ಹುಳು ಎಷ್ಟು ಉದ್ದ ಇತ್ತೋ ಅಷ್ಟುದ್ದ ಗೀಟು ಎಳೆಯಲಿ.

ಗಿಡಕ್ಕೆ ಔಷಧಿ ಮಾತ್ರ ಹೊಡೆಯಬೇಡಿ. ಒಂದು ಕೊಂಬೆ ಹುಳುವಿಗೆ ಬಿಡಿ. ಒಗ್ಗರಣೆಗೆ ಉಳಿದದ್ದು ಸಾಕು.