ನಿಮ್ಮ ಕನೋಸ್ಸಾ ಲೇಖನದಲ್ಲಿ ಸಾಮಂತರು ಎಲ್ಲಿ?

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಕೊಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1077ರ ಜನವರಿಯಲ್ಲಿ ಜರ್ಮನಿಯ ರಾಜ ನಾಲ್ಕನೇ ಹೆನ್ರಿ ಇಟಲಿಯ ಕನೋಸ್ಸಾ ಕೋಟೆಯ ಬಾಗಿಲಲ್ಲಿ ಮೂರು ದಿನ ಬರಿಗಾಲಲ್ಲಿ ನಿಂತು ಪೋಪ್ ಏಳನೇ ಗ್ರೆಗರಿಯ ಕ್ಷಮೆ ಬೇಡಿದ. ಆ ದೃಶ್ಯಕ್ಕೆ ನೀವು ಮನಸೋತಿದ್ದೀರಿ, ಸಹಜವೇ. ಆದರೆ ಲೇಖನದ ತುಂಬ ಇಬ್ಬರೇ ಇದ್ದಾರೆ: ಗರ್ವದ ರಾಜ, ಹಟದ ಪೋಪ್. ನಡುಚಳಿಗಾಲದಲ್ಲಿ ರಾಜನನ್ನು ಆಲ್ಪ್ಸ್ ದಾಟಿಸಿ ಅಲ್ಲಿಗೆ ಓಡಿಸಿದವರು ಯಾರು? ಅದನ್ನು ನೀವು ಹೇಳಿಯೇ ಇಲ್ಲ.

ಓಡಿಸಿದವರು ಅವನ ಸಾಮಂತರು. ಅವನದೇ ರಾಜ್ಯದ ಸ್ಯಾಕ್ಸನಿ ಪ್ರಾಂತದವರು 1073ರಲ್ಲೇ ದಂಗೆ ಎದ್ದಿದ್ದರು. ಇಟಲಿಯ ಮಿಲಾನಿನ ಆರ್ಚ್‌ಬಿಷಪ್‌ನನ್ನು (ಹಿರಿಯ ಬಿಷಪ್) ರಾಜ ನೇಮಿಸಬೇಕೋ ಪೋಪ್ ನೇಮಿಸಬೇಕೋ ಎಂಬ ಜಗಳ ಬೆಳೆದು, 1076ರ ಜನವರಿಯಲ್ಲಿ ಹೆನ್ರಿ ಜರ್ಮನಿಯ ವರ್ಮ್ಸ್‌ನಲ್ಲಿ ಬಿಷಪ್‌ಗಳನ್ನು ಸೇರಿಸಿ ಗ್ರೆಗರಿ ಕೆಳಗಿಳಿಯಬೇಕೆಂದು ಸಾರಿದ. ಮುಂದಿನ ತಿಂಗಳೇ ಗ್ರೆಗರಿ ಅವನನ್ನು ಚರ್ಚಿನಿಂದ ಬಹಿಷ್ಕರಿಸಿದ. ಜೊತೆಗೆ, ರಾಜನಿಗೆ ನಿಷ್ಠರಾಗಿರುತ್ತೇವೆ ಎಂದು ಜನ ಇಟ್ಟ ಆಣೆಯನ್ನೂ ರದ್ದು ಮಾಡಿದ. ಈ ಆಣೆಯ ಮಾತನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಎಲ್ಲ ಇರುವುದೇ ಅಲ್ಲಿ! ಸಾಮಂತ ರಾಜನಿಗೆ ಕಟ್ಟುಬಿದ್ದಿದ್ದೇ ಆ ಆಣೆಯಿಂದ. ಅದು ಹೋದರೆ ತಿರುಗಿಬಿದ್ದವನನ್ನು ದ್ರೋಹಿ ಅನ್ನುವ ಹಾಗಿಲ್ಲ.

ಅಕ್ಟೋಬರಿನಲ್ಲಿ ಟ್ರಿಬೂರ್‌ನಲ್ಲಿ ಸೇರಿದ ಸಾಮಂತರು ಗಡುವು ಹಾಕಿದರು. ವರ್ಷ ತುಂಬುವುದರೊಳಗೆ ಬಹಿಷ್ಕಾರ ತೆಗೆಸಿಕೊಳ್ಳದಿದ್ದರೆ ನೀನು ನಮ್ಮ ರಾಜನಲ್ಲ, ಅಷ್ಟೇ. ಫೆಬ್ರವರಿಯಲ್ಲಿ ಆಗ್ಸ್‌ಬರ್ಗಿಗೆ ಬಂದು ತೀರ್ಮಾನ ಮಾಡಿಕೊಡಿ ಎಂದು ಪೋಪನನ್ನೂ ಕರೆದರು. ಪೋಪ್ ಹೊರಟೂ ಆಗಿತ್ತು. ಅವರೆಲ್ಲ ಒಂದೆಡೆ ಕೂರುವ ಮೊದಲೇ ಹೆನ್ರಿ ಪೋಪನನ್ನು ದಾರಿಯಲ್ಲಿ ಹಿಡಿಯಬೇಕಿತ್ತು. ಟ್ರಿಬೂರ್‌ಗೆ ಎರಡು ಪುಟ ಕೊಡಿ. ಆಗ ಬಾಗಿಲಲ್ಲಿ ನಿಂತವನು ಪೋಪನನ್ನೂ ಇಕ್ಕಟ್ಟಿಗೆ ಸಿಕ್ಕಿಸಿದ್ದಾನೆ ಅಂತ ಓದುಗರಿಗೆ ತಾನಾಗಿ ಹೊಳೆಯುತ್ತದೆ. ತಪ್ಪೊಪ್ಪಿಕೊಂಡು ಬಂದವನಿಗೆ ಪಾದ್ರಿಯಾದವನು ಕ್ಷಮೆ ಇಲ್ಲ ಅನ್ನುವುದು ಹೇಗೆ?

ಬರಿಗಾಲಿನ ವಿವರ ನಮಗೆ ಸಿಗುವುದು ಗ್ರೆಗರಿಯ ಪತ್ರದಲ್ಲೇ. ಆ ಪತ್ರ ಯಾರಿಗೆ ಬರೆದದ್ದು ನೋಡಿ: ಅದೇ ಸಾಮಂತರಿಗೆ. ಅವರನ್ನು ಕೇಳದೆ ಕ್ಷಮಿಸಿದ್ದಕ್ಕೆ ಅವನು ಸಮಜಾಯಿಷಿ ಕೊಡಬೇಕಿತ್ತು. ಹೆನ್ರಿಯನ್ನು ಹೀಗೆ ಕಾಯಿಸಿದ್ದು ಧರ್ಮದ ಗಾಂಭೀರ್ಯವಲ್ಲ, ಕ್ರೂರ ದೊರೆಯ ನಡತೆ ಎಂದು ಸುತ್ತಲಿದ್ದ ಕೆಲವರು ಕೂಗಾಡಿದರೆಂದು ಅವನೇ ಬರೆದಿದ್ದಾನೆ. ಇಷ್ಟು ಒಳ್ಳೆಯ ಸಾಕ್ಷಿ ಇರುವಾಗ ನಿಮ್ಮ 'ರಜತ ಹಿಮದ ಮೌನ ರೋದನ' ಯಾಕೆ ಬೇಕು? ಚಳಿ ತೋರಿಸಬೇಕಾದರೆ ಆ ಕಾಲದ ಲ್ಯಾಂಬರ್ಟ್ ಎಂಬ ಸನ್ಯಾಸಿ ಬರೆದದ್ದಿದೆ: ರಾಣಿಯನ್ನೂ ಸೇವಕಿಯರನ್ನೂ ಎತ್ತಿನ ಚರ್ಮದ ಮೇಲೆ ಕೂರಿಸಿ ಇಳಿಜಾರಿನಲ್ಲಿ ಎಳೆದುಕೊಂಡು ಬಂದರಂತೆ. ಅವನಿಗೆ ಹೆನ್ರಿಯನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನೂ ಒಂದು ಮಾತಲ್ಲಿ ಹೇಳಿಬಿಡಿ.

ಕೋಟೆಯ ಒಡತಿ ಮಟಿಲ್ಡಾ ನಿಮ್ಮಲ್ಲಿ ಸುಮ್ನೆ ಕಣ್ಣೀರು ಹಾಕುತ್ತಾಳೆ. ಅವಳು ಸ್ವಂತ ಸೈನ್ಯವಿದ್ದ ದೊರೆಸಾನಿ, ಹೆನ್ರಿಯ ಸಂಬಂಧಿ, ಸಂಧಾನಕ್ಕೆ ನಿಂತವಳು. ಅವಳಿಗೆ ಮಾತು ಕೊಡಿ.

ಇನ್ನು ಕೊನೆ. 'ಧರ್ಮ ಗೆದ್ದಿತು' ಎಂದು ಮುಗಿಸಿದ್ದೀರಿ. ಕ್ಷಮೆ ಸಿಕ್ಕ ಮೇಲೂ ಮಾರ್ಚಿನಲ್ಲಿ ಸಾಮಂತರು ಫೋರ್ಕ್‌ಹೈಮ್‌ನಲ್ಲಿ ಹೆನ್ರಿಯ ಭಾವ ರುಡಾಲ್ಫನನ್ನು ರಾಜನಾಗಿ ಆರಿಸಿದರು. 1080ರ ಯುದ್ಧದಲ್ಲಿ ರುಡಾಲ್ಫನ ಬಲಗೈ ಕತ್ತರಿಸಿಹೋಗಿ ಅವನು ಸತ್ತ. ಹೆನ್ರಿಗೆ ಆಣೆ ಇಟ್ಟ ಕೈ ಅದೇ ಅಂತ ಚರಿತ್ರೆಕಾರರು ಬರೆದರು. 1084ರಲ್ಲಿ ಹೆನ್ರಿ ರೋಮ್ ಹಿಡಿದು, ತಾನೇ ಕೂರಿಸಿದ ಪೋಪನ ಕೈಯಲ್ಲಿ ಚಕ್ರವರ್ತಿಯ ಕಿರೀಟ ಹಾಕಿಸಿಕೊಂಡ. ಮರುವರ್ಷ ಗ್ರೆಗರಿ ಸಲೆರ್ನೋದಲ್ಲಿ ಊರುಬಿಟ್ಟವನಾಗಿ ತೀರಿಕೊಂಡ. ಹೀಗಿರುವಾಗ ಗೆದ್ದವರು ಯಾರು ಅಂತ ನೀವು ಹೇಗೆ ಹೇಳುತ್ತೀರಿ?

ನಿಮಗೆ ಈ ವಿಷಯದ ಮೇಲೆ ಪ್ರೀತಿ ಇದೆ, ಅದು ಪ್ರತಿ ಪುಟದಲ್ಲೂ ಕಾಣುತ್ತದೆ. ಮೊದಲ ಪುಟ, ಕೊನೆಯ ಪ್ಯಾರಾ ಎರಡನ್ನೂ ತೆಗೆಯಿರಿ. ವರ್ಮ್ಸ್‌ನಿಂದ ಶುರುಮಾಡಿ ರುಡಾಲ್ಫನವರೆಗೆ ಬರೆದು ಕಳಿಸಿ. ಅವಸರವೇನಿಲ್ಲ, ನಾನು ಖಂಡಿತ ಓದುತ್ತೇನೆ.